ಕೆಂಚ ಹೊರಗೆ ಬಂದ ಸಂಜೆ

ಆಗ ಉಳ್ಳಾರ್ತಿ ಕಾವಲೆಂದರೆ ಕಣ್ಣು ಹಾಯುವಷ್ಟು ದೂರವೂ ಹುಲ್ಲು. ಈಗಿನ ಮಕ್ಕಳಿಗೆ ಹೇಳಿದರೆ ಅಜ್ಜಿ ಬೊಗಳೆ ಬಿಡುತ್ತಾಳೆ ಅನ್ನುತ್ತಾರೆ, ಅನ್ನಲಿ. ಅಪ್ಪ ಅಲ್ಲಿ ಮಹಾರಾಜರ ಅಮೃತಮಹಲ್ ದನ ಕಾಯುತ್ತಿದ್ದ. ಅವನ ಕಂಬಳಿ ಕಂಡರಷ್ಟೇ ಆ ದನಗಳು ಸುಮ್ಮನಿರುತ್ತಿದ್ದವು. ಬೇರೆ ಯಾರೇ ಹತ್ತಿರ ಹೋದರೂ ಕೊಂಬು ತಗ್ಗಿಸುತ್ತಿದ್ದವು.

ಒಮ್ಮೆ ಕಾವಲು ನೋಡಲು ಬಂದ ಮೇಲಧಿಕಾರಿ ದರೋಗರ ಕುದುರೆ ನಮ್ಮ ಹಟ್ಟಿಯಲ್ಲೇ ಮರಿ ಹಾಕಿ ಸತ್ತಿತು. ತಾಯಿಯಿಲ್ಲದ್ದು ಬದುಕುವುದಿಲ್ಲವೆಂದು ಅವರು ಮರಿಯನ್ನು ಬಿಟ್ಟು ಹೋದರು. ಅವ್ವ ಹಾಲಿಗೆ ನೀರು ಬೆರೆಸಿ, ಬಟ್ಟೆ ಅದ್ದಿ ನನ್ನ ಕೈಗೆ ಕೊಟ್ಟಳು. ಬಟ್ಟೆಯ ಜೊತೆ ನನ್ನ ಬೆರಳನ್ನೂ ಚೀಪಿ ಅದು ಬದುಕಿಕೊಂಡಿತು. ಬಣ್ಣ ನೋಡಿ ಕೆಂಚ ಎಂದು ಕರೆದೆ. ಹಾಲಿನ ಹುಳಿವಾಸನೆಯ ಮೂತಿಯನ್ನು ನನ್ನ ಉಡಿಗೆ ತುರುಕಿ ಕಾರೆಹಣ್ಣೆಲ್ಲ ಖಾಲಿ ಮಾಡುತ್ತಿತ್ತು.

ಬಲಿತ ಮೇಲೆ ಅಪ್ಪ ಅದನ್ನು ಕರುಗಳ ಜೊತೆ ಮೇಯಲು ಬಿಟ್ಟ. ಯಾರನ್ನೂ ಸೇರಿಸದ ಆ ಹಸುಗಳು ಇದನ್ನು ಸೇರಿಸಿಕೊಂಡವು. ನನಗೆ ಹೊಟ್ಟೆಕಿಚ್ಚು. ತೋಳ ಹಿಡಿದೀತು, ಕಳಿಸಬೇಡ ಎಂದು ರಂಪ ಮಾಡಿದೆ.

"ತೋಳ ಬಂದ್ರೆ ನಮ್ ದನ ಕರಗಳ್ನೆಲ್ಲ ನಡುವೆ ಹಾಕ್ಕಂಡು ಸುತ್ತ ನಿಲ್ತಾವೆ. ಕೆಂಚಾನೂ ಒಳಗೇ ಇರ್ತಾನೆ ಬಿಡವ್ವ" ಎಂದ ಅಪ್ಪ.

ಒಂದು ಸಂಜೆ ಕೆಂಚನನ್ನು ಕರೆತರಲು ಹೋದಾಗ ತೋಳಗಳು ಬಂದಿದ್ದವು. ಹಸುಗಳು ಕೊಂಬು ಹೊರಗೆ ಮಾಡಿ ಸುತ್ತುಗಟ್ಟಿದ್ದವು. ನಡುವೆ, ಕರುಗಳ ತಲೆಗಿಂತ ಎತ್ತರಕ್ಕೆ ಕೆಂಚನ ತಲೆ ಕಂಡಿತು. ಅಪ್ಪ ಹೇಳಿದ್ದು ನಿಜವೆಂದು ಹಿಗ್ಗಿದೆ. ಹಿಂಡಿನ ಆಚೆ ಕಡೆಯಿಂದ ಅಪ್ಪ ಕೂಗಿದ: "ಅಲ್ಲೇ ನಿಲ್ಲು. ಉಸಿರೆತ್ತಬ್ಯಾಡ."

ನಿಂತೆ. ಕರೆಯಲಿಲ್ಲ, ಕೈ ಕೂಡ ಎತ್ತಲಿಲ್ಲ. ಆದರೂ ಅದು ನನ್ನನ್ನು ಕಂಡಿತು. ಒಮ್ಮೆ ಕೆನೆದು, ಎರಡು ಹಸುಗಳ ನಡುವೆ ನುಸುಳಿ ನನ್ನತ್ತ ಓಡಿ ಬಂತು. ತನ್ನವಳೊಬ್ಬಳು ಹೊರಗೇ ಉಳಿದಳೆಂದುಕೊಂಡಿತೋ ಏನೋ.

ಅಪ್ಪ ದೊಣ್ಣೆ ಹಿಡಿದು ಓಡಿ ಬರುವಷ್ಟರಲ್ಲಿ ತೋಳಗಳು ಅದರ ಗಂಟಲಿಗೆ ಬಾಯಿ ಹಾಕಿದ್ದವು. ಅವನು ಅವನ್ನು ಓಡಿಸಿದ, ಆದರೆ ಕೆಂಚ ಏಳಲಿಲ್ಲ. ದೂಳು, ರಕ್ತದ ವಾಸನೆ. ಅಪ್ಪ ಅದರ ಕುತ್ತಿಗೆ ಸವರುತ್ತಾ ಕುಕ್ಕರಿಸಿದ.

"ಒಳಗಿತ್ತಲ್ಲವ್ವ" ಎಂದ. "ಒಳಗೇ ಇತ್ತಲ್ಲ."



ಈಗ ಕಾವಲಿನ ಅಂಚನ್ನೆಲ್ಲ ಉತ್ತಿದ್ದಾರೆ. ತೋಳ ನೋಡಬೇಕೆಂದರೂ ಸಿಗುವುದಿಲ್ಲ. ಮನೆಯಲ್ಲಿ ಎಲ್ಲರೂ ನನ್ನನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ, ದೂರಿಲ್ಲ. ಆದರೆ ನಾನು ಹೊರಗಿದ್ದೇನೆಂಬ ಒಂದೇ ಕಾರಣಕ್ಕೆ ಅಷ್ಟು ಭದ್ರವಾದ ಜಾಗ ಬಿಟ್ಟು ಬಂದ ಜೀವ ಇನ್ನೊಂದು ನನಗೆ ಸಿಗಲಿಲ್ಲ.