ಗುಡಿಸಿ ಹಾಕಿದ ಜೇನುಹುಳಗಳು

ನಾನು ನಿಮ್ಮಷ್ಟೇ ಚಿಕ್ಕವಳಿದ್ದಾಗ ನಮ್ಮ ಮನೆ ಕಾಟಿಪಳ್ಳದಲ್ಲಿತ್ತು. ಹಿತ್ತಲಿನ ಗೇರು ಮರಗಳ ನೆರಳಿನಲ್ಲಿ ಅಪ್ಪ ಐದು ಜೇನುಪೆಟ್ಟಿಗೆ ಇಟ್ಟಿದ್ದರು. ಹತ್ತಿರ ಹೋದರೆ ಮೇಣದ ಬೆಚ್ಚಗಿನ ಪರಿಮಳ, ಕಿವಿ ತುಂಬ ಗುಂಯ್ ಎಂಬ ಸದ್ದು. ಸೂರ್ಯ ಹುಟ್ಟುವ ಮೊದಲೇ ಅಂಗಳ, ಹಿತ್ತಲು ಗುಡಿಸಿ ಮುಗಿಸಬೇಕೆಂಬುದು ಮನೆಯ ಪದ್ಧತಿ. ಅಂಗಳ ಅಕ್ಕನದು, ಹಿತ್ತಲು ನನ್ನದು.

ಆ ವರ್ಷ ಒಂದು ಪೆಟ್ಟಿಗೆಯಲ್ಲಿ ಹುಳಗಳು ಕಡಿಮೆಯಾಗತೊಡಗಿದವು. ರಾಣಿ ಇತ್ತು, ಜೇನೂ ಇತ್ತು. ಅಪ್ಪನಿಗೆ ಕಾರಣ ಹೊಳೆಯಲಿಲ್ಲ. ಉಳಿದ ಹುಳಗಳನ್ನು ಪಕ್ಕದ ಬಲವಾದ ಪೆಟ್ಟಿಗೆಗೆ ಸೇರಿಸಿಬಿಡೋಣ ಎಂದುಕೊಂಡರು. ಅದಕ್ಕೆ ಮೊದಲು, ಜೇನು ಸಾಕುವವರಿಗೆ ಸಲಹೆ ಕೊಡುತ್ತಿದ್ದ ಮಾಸ್ಟ್ರೊಬ್ಬರನ್ನು ಕದ್ರಿಯಿಂದ ಕರೆಸಿದರು.

"ಪೆಟ್ಟಿಗೆ ಎದುರು ಹಾರಲಿಕ್ಕಾಗದೆ ತೆವಳುವ ಹುಳ ಉಂಟಾ?" ಮಾಸ್ಟ್ರು ಕೇಳಿದರು.

"ಒಂದೂ ಇಲ್ಲ ಮಾಸ್ಟ್ರೇ. ನೆಲ ನೋಡಿ, ಎಲೆ ಹಾಕಿ ಊಟ ಬಡಿಸಬಹುದು," ಎಂದರು ಅಪ್ಪ.

"ಹಾಗಾದ್ರೆ ರೋಗ ಇರ್ಲಿಕ್ಕಿಲ್ಲ. ಇವತ್ತೇ ಸೇರಿಸಿ."

ಬಾಗಿಲ ಹಿಂದೆ ನಿಂತು ನಾನು ಎಲ್ಲ ಕೇಳಿಸಿಕೊಂಡೆ. ವಾರಗಟ್ಟಲೆ ಅಂಥ ಹುಳಗಳನ್ನು ನಾನೇ ತರಗೆಲೆಯ ಜೊತೆ ಗುಡಿಸಿ ತೆಂಗಿನ ಬುಡಕ್ಕೆ ಹಾಕುತ್ತಿದ್ದೆ. ಹೊರಗಿನವರ ಎದುರು ನನಗೆ ನಾಲಿಗೆಯೇ ಏಳುತ್ತಿರಲಿಲ್ಲ. ಆದರೆ ಸುಮ್ಮನಿದ್ದರೆ ರೋಗ ಒಳ್ಳೆಯ ಪೆಟ್ಟಿಗೆಗೂ ಹೋಗುತ್ತದಲ್ಲ! ಓಡಿ ಹೋಗಿ ಬೆಳಗಿನ ಕಸ ಕೆದಕಿದೆ. ರೆಕ್ಕೆ ಸೊಟ್ಟಗಾಗಿ ಒದ್ದಾಡುತ್ತಿದ್ದ ನಾಲ್ಕೈದು ಹುಳಗಳನ್ನು ಗೇರೆಲೆಯ ಮೇಲೆ ತಂದು ಮಾಸ್ಟ್ರ ಮುಂದೆ ಹಿಡಿದೆ.

"ಎಂತ ಮಾರಾಯ್ತಿ, ಇಷ್ಟು ದಿನ ಬಾಯಲ್ಲಿ ಕಡುಬು ಇತ್ತಾ?" ಎಂದಳು ಅಕ್ಕ.

ಮಾಸ್ಟ್ರು ನಗಲಿಲ್ಲ. ಒಂದು ಹುಳದ ತಲೆ ತೆಗೆದು, ಎದೆಯೊಳಗಿನ ಕೂದಲಿನಂಥ ಉಸಿರಿನ ಕೊಳವೆಯನ್ನು ಗಾಜಿನ ಮೇಲಿಟ್ಟು, ತಾವು ತಂದ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಆಮೇಲೆ ನನಗೂ ತೋರಿಸಿದರು. ಬೆಳ್ಳಗಿರಬೇಕಾದ ಕೊಳವೆಯಲ್ಲಿ ಕಂದು ಕಲೆಗಳು, ಒಳಗೆ ಒತ್ತೊತ್ತಾಗಿ, ಬರಿಗಣ್ಣಿಗೆ ಕಾಣದಷ್ಟು ಸಣ್ಣ, ರೋಗ ತರುವ ನುಸಿಗಳು.

"ಸೇರಿಸ್ಬೇಡಿ. ಮೊದ್ಲೇ ಗೊತ್ತಾಗಿದ್ರೆ ಮದ್ದಿನ ಹೊಗೆ ಹಾಕಿ ನೋಡ್ಬಹುದಿತ್ತು. ಇನ್ನು ಸುಡುವುದೇ," ಎಂದರು.

ಸಂಜೆ ಅಪ್ಪ ಆ ಪೆಟ್ಟಿಗೆ ಸುಟ್ಟರು. ಮೇಣ ಉರಿದ ಸಿಹಿ ವಾಸನೆಗೆ ನನಗೆ ಅನ್ನ ಸೇರಲಿಲ್ಲ. ಉಳಿದ ನಾಲ್ಕು ಪೆಟ್ಟಿಗೆಗಳಿಗೆ ಏನೂ ಆಗಲಿಲ್ಲ. ಅಪ್ಪ ಬಯ್ಯಲೂ ಇಲ್ಲ. "ಪೆಟ್ಟಿಗೆ ಎದುರು ನಾನು ನೋಡಿದ ಮೇಲೆ ಗುಡಿಸು ಮಗಾ," ಎಂದರು, ಅಷ್ಟೇ.

ಈಗ ಜೆಪ್ಪುವಿನ ನಿಮ್ಮ ಫ್ಲ್ಯಾಟಿಗೆ ಹಿತ್ತಲೇ ಇಲ್ಲ. ಆದರೂ ಬಾಲ್ಕನಿಯಲ್ಲಿ ಒಂದು ಇರುವೆ ಕಂಡರೆ ಸಾಕು, ಫೋನಿನಲ್ಲಿ ಫೋಟೊ ತೆಗೆದು, ಬೆರಳಿನಿಂದ ದೊಡ್ಡದು ಮಾಡಿ, "ಅಜ್ಜೀ, ಇದೆಂತ?" ಎಂದು ಓಡಿ ಬರುತ್ತೀರಿ. ದಿನಕ್ಕೆ ಹತ್ತು ಸಲ. ನಿಮ್ಮ ಅಮ್ಮನಿಗೆ ಅದು ಕಿರಿಕಿರಿ, ನನಗಲ್ಲ. ಮೊದಲ ಹುಳ ತೆವಳಿದ ದಿನ ನಾನೂ ಹಾಗೆ ಅಪ್ಪನ ಹತ್ತಿರ ಓಡಿದ್ದರೆ, ಐದನೆಯ ಪೆಟ್ಟಿಗೆಯೂ ಉಳಿಯುತ್ತಿತ್ತೋ ಏನೋ.