ನಾಲ್ಕೂವರೆ ಅಡಿಯ ಕಿಟಕಿ ಕಟ್ಟೆ

ದೆಹಲಿಗೆ ಅಂಟಿಕೊಂಡಿರುವ ಇಂದಿರಾಪುರಂನ ನಮ್ಮ ಫ್ಲಾಟಿಗೆ ಬಂದವರೆಲ್ಲ ಒಳಾಂಗಣ ನೋಡಿ ನನ್ನ ಅಭಿರುಚಿಯನ್ನು ಹೊಗಳುತ್ತಾರೆ. ನಾನು ಸಂಕೋಚದ ಮುಖ ಮಾಡಿ ಹೊಗಳಿಕೆಯನ್ನು ಪೂರ್ತಿ ತೆಗೆದುಕೊಳ್ಳುತ್ತೇನೆ. ನಿಜ ಹೇಳಬೇಕೆಂದರೆ ಅದರಲ್ಲಿ ಅಭಿರುಚಿಯ ಪಾಲು ಕಡಿಮೆ. ಆ ಮನೆಯ ಒಂದೊಂದು ಕೋಣೆಯನ್ನೂ ನಾನು ಒಡೆಸಿ ಕಟ್ಟಿಸಿದ್ದು ಒಂದೇ ಉದ್ದೇಶಕ್ಕೆ. ಊರಿನಿಂದ ಬಂದ ಯಾರೂ ಅಲ್ಲಿ ತಂಗುವಂತಿರಬಾರದು.

ಹೀಗಾಗುವ ಮೊದಲು ನಾನು ಒಳ್ಳೆಯವಳೇ ಆಗಿದ್ದೆ. ಕರ್ನಾಟಕದಲ್ಲಿ ಯಾರಿಗೆ ದೆಹಲಿಯಲ್ಲಿ ಕೆಲಸ ಬಿದ್ದರೂ ಮೊದಲು ಕೇಳುವ ಪ್ರಶ್ನೆ, "ಅಲ್ಲಿ ನಮ್ಮೋರು ಯಾರಿದ್ದಾರೆ?" ಇಪ್ಪತ್ತು ವರ್ಷ ಆ ಪ್ರಶ್ನೆಗೆ ಉತ್ತರ ನನ್ನ ಫೋನ್ ನಂಬರೇ ಆಗಿತ್ತು. ನನ್ನ ಯಜಮಾನರ ಚಿಕ್ಕಪ್ಪನ ಮಗನ ಭಾವಮೈದುನ ಲಕ್ಷ್ಮೀ ನಗರದ ಕೋಚಿಂಗಿಗೆ ಸೇರಲು ಬಂದು, ಪೀಜಿ ರೂಮು ಸಿಗುವವರೆಗೆ ಅಂತ ನಾಲ್ಕು ತಿಂಗಳು ಇದ್ದ. ಬದರಿ ಕೇದಾರಕ್ಕೆ ಹೊರಟ ಹನ್ನೊಂದು ಜನ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ನಮ್ಮಲ್ಲಿ ಇಳಿದರು. ವರ್ಗಾವಣೆಗೆ ಓಡಾಡುವವರು ಬೆಳಗಿನ ಕಾಫಿ ಲೋಟ ಕೆಳಗಿಡುವ ಮೊದಲೇ ಅರ್ಜಿ ಬಿಚ್ಚುತ್ತಿದ್ದರು. "ನೀವು ಮಿನಿಸ್ಟ್ರೀಲೇ ಇದ್ದೀರಲ್ಲ, ಒಂದು ಮಾತು ಹೇಳಿಬಿಡಿ" ಎನ್ನುತ್ತಿದ್ದರು. ನನ್ನ ಮಾತಿಗೆ ನನ್ನ ಸೆಕ್ಷನ್ನಿನ ಪ್ಯೂನೇ ಬೆಲೆ ಕೊಡುವುದಿಲ್ಲ ಎಂದರೆ ಯಾರೂ ನಂಬುತ್ತಿರಲಿಲ್ಲ.

ಗೊಣಗುವ ಹಕ್ಕು ನನಗೆ ಇರಲೂ ಇಲ್ಲ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಗುಮಾಸ್ತೆಯ ಕೆಲಸಕ್ಕೆ ಆರ್ಡರ್ ಬಂದಾಗ ನಾನೂ ಒಂದು ಟ್ರಂಕು ಹಿಡಿದು ಹೀಗೇ ಇನ್ನೊಬ್ಬರ ಬಾಗಿಲಲ್ಲಿ ಇಳಿದವಳು. ಅಪ್ಪ ಸೋಮವಾರಪೇಟೆಯಲ್ಲಿ ಮೇಷ್ಟ್ರಾಗಿದ್ದಾಗ ಅವರ ಕೈಯಲ್ಲಿ ಓದಿದ್ದ ಒಬ್ಬರು ಸೈನ್ಯದಲ್ಲಿ ಸುಬೇದಾರರಾಗಿ ದೆಹಲಿ ಕಂಟೋನ್ಮೆಂಟಿನಲ್ಲಿದ್ದರು. ಎರಡು ಕೋಣೆಯ ಕ್ವಾರ್ಟರ್ಸು, ಅದರಲ್ಲಿ ಗಂಡ, ಹೆಂಡತಿ, ಮೂರು ಮಕ್ಕಳು. ಆರನೆಯವಳಾಗಿ ನಾನು ಎಂಟು ತಿಂಗಳು ಇದ್ದೆ. ಮುಂದಿನ ಕೋಣೆಯಲ್ಲಿ ನನಗೊಂದು ಮಡಚುವ ಮಂಚ. ದೆಹಲಿಯವರು ಅದಕ್ಕೆ 'ಫೋಲ್ಡಿಂಗ್' ಎಂದಷ್ಟೇ ಹೇಳುತ್ತಾರೆ. ಅವರದು ಹಂದಿ ಮಾಂಸ ಬೇಯುವ ಕೊಡವರ ಅಡುಗೆಮನೆ, ನಾನು ಈರುಳ್ಳಿಗೂ ಹಿಂದುಮುಂದು ನೋಡುವ ಮನೆಯಿಂದ ಬಂದವಳು. ಸುಬೇದಾರರ ಹೆಂಡತಿ ನನಗಾಗಿ ಹೊಸ ಬಾಣಲೆ ತಂದು, ಅದರ ಹಿಡಿಗೆ ಬಿಳಿ ದಾರ ಕಟ್ಟಿಟ್ಟರು. ಅದನ್ನು ಮಕ್ಕಳು ಮುಟ್ಟಿದರೆ ಗದರುತ್ತಿದ್ದರು. ಆಂಟಿ ಎಂದು ನಾನು ಕರೆಯುವುದು ಅವರೊಬ್ಬರನ್ನೇ. ಅವರು ಕೊಡಗಿಗೆ ಮರಳಿದ ಮೇಲೂ ಪ್ರತಿ ಸಲ ಫೋನಿನಲ್ಲಿ ನಾನು ಹೇಳುತ್ತಿದ್ದುದು ಒಂದೇ ಮಾತು, "ಒಂದು ಸಲ ನನ್ನ ಮನೇಲಿ ಬಂದು ಇರಬೇಕು ನೀವು." ಬಾಯಿಮಾತಲ್ಲ. ನನಗೆ ನಿಜವಾಗಿ ಇದ್ದ ಆಸೆ ಅದೊಂದೇ.

ಆದರೆ ಮನೆ ಒಡೆಸುವಾಗ ಅವರ ನೆನಪೇ ಬರಲಿಲ್ಲ ನೋಡಿ.

ಇಲ್ಲ ಎನ್ನದೆ ಇಲ್ಲ ಎನ್ನುವುದು ನನ್ನ ವೃತ್ತಿ. ಮೂವತ್ತು ವರ್ಷ ಫೈಲಿನ ಮೇಲೆ 'ಪರಿಶೀಲಿಸಲಾಗಿದೆ, ಸದ್ಯಕ್ಕೆ ಅವಕಾಶ ಕಂಡುಬರುವುದಿಲ್ಲ' ಎಂದು ಬರೆದ ಕೈ ಇದು. ಅದನ್ನೇ ಸಿಮೆಂಟು ಪ್ಲೈವುಡ್ಡಿನಲ್ಲಿ ಬರೆಸೋಣ ಎಂದುಕೊಂಡೆ. ವಿನ್ಯಾಸಕಿ ಟ್ಯಾಬ್ ಹಿಡಿದ ಚೂಟಿ ಹುಡುಗಿ. "ಮ್ಯಾಮ್, ಮನೆಯೊಳಗೆ ಬಂದ ಕೂಡಲೇ ಏನು ಫೀಲ್ ಆಗಬೇಕು?" ಎಂದು ಹಿಂದಿಯಲ್ಲಿ ಕೇಳಿದಳು. ಹೊರಡೋಣ ಅನ್ನಿಸಬೇಕು ಎಂದು ಹೇಳುವುದು ಹೇಗೆ? "ಶಾಂತಿ" ಎಂದೆ. ಅವಳು ಭಕ್ತಿಯಿಂದ ಬರೆದುಕೊಂಡಳು.

ಹಾಲಿನಿಂದ ಶುರುವಾಯಿತು. ಮೂರು ಜನ ಉದ್ದಕ್ಕೆ ಮಲಗಬಹುದಾಗಿದ್ದ ಹಳೆಯ ದಿವಾನ ಹೋಗಿ, ಬಾಳೆಹಣ್ಣಿನ ಹಾಗೆ ಬಾಗಿದ ಸೋಫಾ ಬಂತು. ಅದರ ಮೇಲೆ ಬೆನ್ನು ಚಾಚಿದವನು ಬೆಳಗ್ಗೆ ವೈದ್ಯರ ಬಳಿಯೇ ಹೋಗಬೇಕು. ಅಡುಗೆಮನೆಯ ಗೋಡೆ ಒಡೆದು ಕಲ್ಲಿನ ಕಟ್ಟೆ ಹಾಕಿಸಿ, ಎತ್ತರದ ಸ್ಟೂಲುಗಳನ್ನು ಇಡಿಸಿದೆ. ಲೆಕ್ಕಕ್ಕೆ ಮೂರು. ನಾನು, ಯಜಮಾನರು, ಮಗಳು. ನಾಲ್ಕನೆಯದು ಇಟ್ಟರೆ 'ಬ್ಯಾಲೆನ್ಸ್' ಹೋಗುತ್ತದೆ ಎಂದು ಹುಡುಗಿಯ ಬಾಯಿಂದಲೇ ಹೇಳಿಸಿದೆ. ಇನ್ನು ಹೊರಗಿನ ಬಚ್ಚಲುಮನೆ. ಅಲ್ಲಿನ ಗೀಸರು, ನಲ್ಲಿ, ಬಕೆಟ್ಟು ಎಲ್ಲ ತೆಗೆಸಿ ಒಂದು ಬೇಸಿನ್ನು, ಒಂದು ದುಂಡು ಕನ್ನಡಿ, ಒಂದು ಗಿಡ ಇಡಿಸಿದೆ. ನಮ್ಮ ಜನ ಎಂಥ ಕಷ್ಟವನ್ನಾದರೂ ಸಹಿಸಿಯಾರು, ಬೆಳಗ್ಗೆ ಎರಡು ಚೊಂಬು ಬಿಸಿನೀರು ಮೈಮೇಲೆ ಬೀಳದ ಮನೆಯಲ್ಲಿ ಎರಡನೇ ದಿನ ನಿಲ್ಲಲಾರರು. ಇದು ನನ್ನ ಅತ್ಯಂತ ಹೆಮ್ಮೆಯ ಯೋಜನೆಯಾಗಿತ್ತು.

ಉಳಿದಿದ್ದು ಮೂರನೇ ಕೋಣೆ, ಅಂದರೆ ನೆಂಟರ ಕೋಣೆ. ಅದರ ಮೂರು ಗೋಡೆಗೂ ಪುಸ್ತಕದ ಕಪಾಟು ಮಾಡಿಸಿ 'ಸ್ಟಡಿ' ಎಂದು ಹೆಸರಿಟ್ಟೆ. ಕಪಾಟು ತುಂಬುವಷ್ಟು ಪುಸ್ತಕ ನಮ್ಮಲ್ಲಿರಲಿಲ್ಲವಾಗಿ ಅರ್ಧಕ್ಕೆ ಹೂಜಿಗಳನ್ನು ಇಟ್ಟೆವು. ಕಿಟಕಿಯ ಕೆಳಗೆ ಕೂತು ಓದಲು ಮೆತ್ತೆ ಹಾಕಿದ ಕಟ್ಟೆ. ಬಡಗಿ ಭಯ್ಯಾ ಅಳತೆ ಹಿಡಿದು, ಆರಡಿ ಜಾಗ ಇದೆ, ಆರಡಿಯೇ ಮಾಡಿಬಿಡುತ್ತೇನೆ, ಬಂದವರು ಯಾರಾದರೂ ಮಲಗಬಹುದು ಎಂದ. ನಾನು ಟೇಪು ಕಸಿದುಕೊಂಡು ನಾಲ್ಕೂವರೆ ಅಡಿಗೆ ಪೆನ್ಸಿಲ್ ಗೀಟು ಹಾಕಿ, ಉಳಿದಲ್ಲಿ ಇನ್ನೊಂದು ಹೂಜಿ ಇಡು ಎಂದೆ. ಅವನು ಗರಗಸ ಎತ್ತಿಕೊಂಡ. ದೆಹಲಿಯ ಬಡಗಿಗಳು ಬಹಳ ಮನೆ ನೋಡಿರುತ್ತಾರೆ.

ಮೊದಲ ಬಲಿ ನಮ್ಮ ಯಜಮಾನರೇ. ವಾರವೆಲ್ಲ ಫರೀದಾಬಾದಿನ ಕಾರ್ಖಾನೆಗೆ ಓಡಾಡಿ, ಭಾನುವಾರ ಊಟವಾದ ಮೇಲೆ ದಿವಾನದ ಮೇಲೆ ಒಂದು ನಿದ್ದೆ ತೆಗೆಯುವುದು ಅವರ ಏಕೈಕ ವಿಲಾಸವಾಗಿತ್ತು. ಈಗ ಅವರು ಕಿಟಕಿ ಕಟ್ಟೆಯ ಮೇಲೆ ಮಂಡಿ ಎದೆಗೆ ಒತ್ತಿಕೊಂಡು ಮಲಗತೊಡಗಿದರು. "ಮ್ಯಾಗಜೀನಲ್ಲಿ ಬರೋ ಹಾಗಿದೆ ಮನೆ. ಮ್ಯಾಗಜೀನಲ್ಲಿ ಯಾರೂ ಮಲಗೋದಿಲ್ಲ, ಅಷ್ಟೇ" ಎಂದರು.

ಕೆಲಸ ನಡೆದ ಐದು ತಿಂಗಳು ನನಗೆ ಇನ್ನೊಂದು ವರ ಸಿಕ್ಕಿತ್ತು. ಯಾರು ಬರುತ್ತೇನೆಂದರೂ, "ಅಯ್ಯೋ, ಮನೇಲಿ ಕೆಲಸ ನಡೀತಿದೆ, ಕಾಲಿಡೋಕೂ ಜಾಗ ಇಲ್ಲ" ಎಂದರಾಯಿತು. ಅದು ಅಪ್ಪಟ ಸತ್ಯವಾಗಿತ್ತು. ಎಷ್ಟು ರುಚಿ ಹತ್ತಿತೆಂದರೆ, ಕೆಲಸ ಮುಗಿದು ಒಂದು ವರ್ಷವಾದರೂ ನನ್ನ ಬಾಯಲ್ಲಿ ಅದು ಮುಗಿದಿರಲಿಲ್ಲ. ನೆಂಟರ ಲೆಕ್ಕದಲ್ಲಿ ನಮ್ಮ ಮನೆ ಇನ್ನೂ ಧೂಳಿನಲ್ಲಿತ್ತು. ಇತ್ತ ಹೊಸ ಮನೆ ಯಾರಿಗೂ ತೋರಿಸದೆ ಇರಲಾರದೆ, ಕೋಣೆಗೊಂದರಂತೆ ವಾಟ್ಸಾಪ್ ಸ್ಟೇಟಸ್ಸಿಗೆ ಫೋಟೋ ಹಾಕುತ್ತಿದ್ದೆ. ನೆಂಟರಿಗೆ ಕಾಣದ ಹಾಗೆ ಒಬ್ಬೊಬ್ಬರ ಹೆಸರನ್ನೂ ಹುಡುಕಿ ಮರೆಮಾಡಿದ್ದೆ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕೂ ಇಷ್ಟು ಎಚ್ಚರ ವಹಿಸುವುದಿಲ್ಲ.

ಕಳೆದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಆಫೀಸಿನಲ್ಲಿದ್ದಾಗ ಆಂಟಿಯ ಫೋನ್ ಬಂತು. ಸುಬೇದಾರರು ಹೋಗಿ ಆರು ವರ್ಷವಾಗಿತ್ತು. "ನನ್ನ ಕಣ್ಣಿಗೆ ಪೊರೆ ಬಂದುಂಟು. ಅಲ್ಲಿ ಮಿಲಿಟ್ರಿ ಆಸ್ಪತ್ರೇಲಿ ತೋರಿಸುದು ಅಂತ ಮಗ ಹೇಳ್ತಾನೆ. ಒಂದು ವಾರ ದೆಹಲೀಲಿ ಇರ್ತೇನೆ" ಎಂದರು.

"ಅಯ್ಯೋ ಆಂಟಿ, ಮನೇಲಿ ಕೆಲಸ ನಡೀತಿದೆ" ಎಂದೆ.

ಯೋಚಿಸಿ ಹೇಳಿದ್ದಲ್ಲ. ನಾಲಿಗೆಗೆ ಅಷ್ಟು ಅಭ್ಯಾಸವಾಗಿಬಿಟ್ಟಿತ್ತು. ಆ ಕಡೆಯಿಂದ ಆಂಟಿ, "ಹೌದಾ? ಪಾಪ, ಧೂಳಲ್ಲಿ ನಿನಗೂ ಕಷ್ಟ. ನಾನು ಆರ್ಮಿ ಗೆಸ್ಟ್ ಹೌಸಲ್ಲಿ ಇರ್ತೇನೆ, ಎಂತ ತೊಂದರೆ ಇಲ್ಲ. ಪುರುಸೊತ್ತು ಮಾಡಿಕೊಂಡು ನೀನೇ ಬಾ" ಎಂದರು. ಆಗಲೇ ಬಾಯಿಬಿಟ್ಟು, "ಸುಳ್ಳು ಹೇಳಿದೆ ಆಂಟಿ" ಎನ್ನಬಹುದಿತ್ತು. ಫೈಲು ಮೇಲಕ್ಕೆ ಹೋಗಿಬಿಟ್ಟರೆ ಬರೆದ ಟಿಪ್ಪಣಿ ವಾಪಸು ಪಡೆಯುವ ಪದ್ಧತಿ ನಮ್ಮಲ್ಲಿಲ್ಲ.

ಮನೆಯಲ್ಲಿ ಹೇಳಿದಾಗ ಯಜಮಾನರು ಚಮಚ ಕೆಳಗಿಟ್ಟರು. "ಬಿಳಿ ದಾರದ ಬಾಣಲೆ ಕಥೆ ನಮ್ಮ ಮದುವೆ ಆದಾಗಿನಿಂದ ಕೇಳ್ತಾ ಇದ್ದೀನಿ. ಅವರಿಗೇನಾ ಹೀಗೆ ಹೇಳಿದ್ದು?" ಮಗಳು ಅರ್ಧ ಕನ್ನಡದಲ್ಲೇ ತೀರ್ಪು ಕೊಟ್ಟಳು. "ಅಮ್ಮಾ, ದಿಸ್ ಈಸ್ ಟೂ ಮಚ್ ಯಾರ್. ನೀನು ಹೋಗಿ ಸಾರಿ ಹೇಳು."

ಶನಿವಾರ ಹೊರಟೆ. ಹೋಗುವ ಮುಂಚೆ ಮಾಡಿದ ಕೆಲಸವನ್ನು ಈಗ ಬರೆಯಲೂ ನಾಚಿಕೆಯಾಗುತ್ತದೆ. ಮನೆ ಕೆಲಸ ನಡೆಯುತ್ತಿರುವವಳ ಹಾಗೆ ಕಾಣಲಿ ಎಂದು ಹಳೆಯದೊಂದು ಸಲ್ವಾರ್ ಹುಡುಕಿ, ಅದರ ಮೇಲೆ ಬಣ್ಣದ ಕಲೆ ಇದ್ದದ್ದಕ್ಕೆ ಖುಷಿಪಟ್ಟು ಹಾಕಿಕೊಂಡೆ. ಸಾರಿ ಹೇಳುವುದೋ ನಾಟಕ ಮುಂದುವರಿಸುವುದೋ ಎಂದು ಮೆಟ್ರೋದಲ್ಲಿ ಕೂತಾಗಲೂ ತೀರ್ಮಾನವಾಗಿರಲಿಲ್ಲ. ಕೈಯಲ್ಲಿ ಕೋಡುಬಳೆಯ ಡಬ್ಬಿ.

ಗೆಸ್ಟ್ ಹೌಸಿನ ಕೋಣೆಯಲ್ಲಿ ಆಂಟಿ ಕಬ್ಬಿಣದ ಮಂಚದ ಅಂಚಿಗೆ ಕೂತಿದ್ದರು. ನನ್ನ ಕೆನ್ನೆ ಮುಟ್ಟಿ ನೋಡಿದರು. ಮಣೆಯಂಥ ಮೇಜಿನ ಮೇಲಿದ್ದ ಚೀಲದಿಂದ ಕರಿಮೆಣಸು, ಜೇನುತುಪ್ಪ ತೆಗೆದು, "ಹೊಸ ಮನೆಗೆ" ಎಂದು ಕೊಟ್ಟರು.

"ಇನ್ನೂ ಕೆಲಸ..." ಎಂದು ಶುರುಮಾಡಿದೆ.

"ಚೆಂದ ಉಂಟು ಮನೆ" ಎಂದರು ಆಂಟಿ. "ಕಣ್ಣು ಮಂಜು ನೋಡು, ಸೊಸೆ ಹತ್ತಿರ ನಿನ್ನ ಸ್ಟೇಟಸ್ಸಿನ ಫೋಟೋ ದೊಡ್ಡದು ಮಾಡಿಸಿ ಎಲ್ಲ ನೋಡಿದೆ. ಆ ಬಾಗಿದ ಸೋಫಾ, ಗಾಜಿನ ಲೈಟು. ಕಿಟಕಿ ಹತ್ತಿರ ಕೂರುವ ಜಾಗ ಉಂಟಲ್ಲ, ಅದು ನನಗೆ ಬಹಳ ಹಿಡಿಸಿತು."

ನೆಂಟರನ್ನೆಲ್ಲ ಮರೆಮಾಡಿದ ಪಟ್ಟಿಯಲ್ಲಿ ಆಂಟಿ ಇರಲಿಲ್ಲ. ಅವರನ್ನು ನಾನು ಎಂದೂ ನೆಂಟರೆಂದು ಎಣಿಸಿರಲಿಲ್ಲ. ಬಣ್ಣದ ಕಲೆಯ ಸಲ್ವಾರಿನಲ್ಲಿ ಕೂತಿದ್ದ ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಕಣ್ಣಲ್ಲಿ ನೀರು ಬಂತು. "ಸುಳ್ಳು ಹೇಳಿದೆ ಆಂಟಿ" ಎಂದೆ. ದಿವಾನ ತೆಗೆಸಿದ್ದು, ಗೀಸರು ಕೀಳಿಸಿದ್ದು, ಮೂರು ಸ್ಟೂಲು, ಎಲ್ಲವನ್ನೂ ಹೇಳಿಬಿಟ್ಟೆ.

ಆಂಟಿ ಗೀಸರಿನ ಕಥೆಗೆ ನಗಲು ಶುರುಮಾಡಿದವರು ಸೆರಗಿನಿಂದ ಕಣ್ಣೊರೆಸಿಕೊಂಡರು.

"ನಾನೊಂದು ಹೇಳ್ತೇನೆ, ಬೇಜಾರು ಮಾಡಬೇಡ. ನೀನು ಬರುವ ಮುಂಚೆ ನಿನ್ನ ಅಪ್ಪನಿಗೆ ನಾನೊಂದು ಕಾಗದ ಹಾಕಿದ್ದೆ. ಇವರಿಗೆ ಗೊತ್ತಿಲ್ಲದ ಹಾಗೆ. ಇವರು ಮೇಷ್ಟ್ರು ಕೇಳಿದ್ರು ಅಂತ ಹೂಂ ಹೇಳಿಬಿಟ್ಟಿದ್ರು. ಆ ವರ್ಷ ಊರಿಂದ ಬಂದವರಿಗೆ ಬೇಯಿಸಿ ಬೇಯಿಸಿ ನನಗೆ ಸಾಕಾಗಿತ್ತು. ಕ್ವಾರ್ಟರ್ಸಿಗೆ ಸುಣ್ಣ ಹೊಡೀತಿದ್ದಾರೆ, ಹುಡುಗಿಯನ್ನು ಈಗ ಕಳಿಸಬೇಡಿ ಅಂತ ಬರೆದೆ."

"ಸುಣ್ಣ?"

"ಎಂತ ಸುಣ್ಣ! ಎಲ್ಲ ಸುಳ್ಳು. ಕಾಗದ ಅಲ್ಲಿಗೆ ಮುಟ್ಟುವ ಮೊದಲೇ ನೀನು ಟ್ರಂಕು ಹಿಡಿದು ಬಾಗಿಲಲ್ಲಿದ್ದೆ. ರೈಲಿನ ಕರಿ ಮುಖದಲ್ಲೆಲ್ಲ ಇತ್ತು. ಬಾಗಿಲಲ್ಲಿ ನಿಂತವಳಿಗೆ ಸುಣ್ಣದ ಕಥೆ ಹೇಳುದು ಹೇಗೆ? ಒಳಗೆ ಬಾ ಅಂದೆ, ಅಷ್ಟೇ."

ಆ ಕಾಗದ ನಾನು ಹೊರಟ ಮೇಲೆ ಅಪ್ಪನ ಕೈ ಸೇರಿರಲೇಬೇಕು. ಅವರು ಸಾಯುವವರೆಗೂ ನನಗೆ ಒಂದು ಮಾತು ಹೇಳಲಿಲ್ಲ. ನನಗೆ ಬರೆದ ಪ್ರತಿ ಪತ್ರದ ಕೊನೆಯಲ್ಲೂ 'ಆ ತಾಯಿಗೆ ನನ್ನ ನಮಸ್ಕಾರ ತಿಳಿಸು' ಎಂದಿರುತ್ತಿತ್ತು, ನಾನು ಓದಿ ಹೇಳುತ್ತಿದ್ದೆ. ಆಂಟಿ ಅದನ್ನು ಹೇಗೆ ಕೇಳಿಸಿಕೊಂಡಿರಬಹುದು ಎಂದು ಈಗ ಯೋಚಿಸಿದೆ.

ಎದ್ದು ಮಂಚದ ಕೆಳಗಿದ್ದ ಅವರ ಸೂಟ್‌ಕೇಸು ಎಳೆದೆ. "ಚಲೋ ಆಂಟಿ, ಏಳಿ" ಎಂದೆ. ಅವರು ಚಪ್ಪಲಿ ಹುಡುಕತೊಡಗಿದರು.

ಮನೆಗೆ ಬಂದಾಗ ಯಜಮಾನರು ತಮ್ಮ ಸ್ಟೂಲು ಬಿಟ್ಟುಕೊಟ್ಟು ನಿಂತೇ ಊಟಕ್ಕೆ ತೊಡಗಿದರು. ಆಂಟಿಗೆ ಆ ಎತ್ತರದ ಸ್ಟೂಲು ಹತ್ತಲಾಗದೆ, ಕೊನೆಗೆ ಎಲ್ಲರೂ ತಟ್ಟೆ ಹಿಡಿದು ನೆಲದ ಮೇಲೆ ಕೂತೆವು. ನಮ್ಮ ಮಲಗುವ ಕೋಣೆಯೂ ಅದರ ಬಚ್ಚಲೂ ವಾರವಿಡೀ ನಿಮ್ಮವು ಎಂದು ಮಗಳು ಇಂಗ್ಲಿಷಿನಲ್ಲಿ ಘೋಷಿಸಿದಳು. ಆಂಟಿ ತಲೆಯಾಡಿಸಿ, ಮೊದಲು ಕಿಟಕಿ ತೋರಿಸು ಎಂದರು.

ಸ್ಟಡಿಗೆ ಕರೆದುಕೊಂಡು ಹೋದೆ. ಚಳಿಗಾಲದ ಬಿಸಿಲು ಕಟ್ಟೆಯ ಮೇಲೆ ಬಿದ್ದಿತ್ತು. ಆಂಟಿ ಕೂತರು. ಮೆತ್ತೆಯನ್ನು ಒತ್ತಿ ನೋಡಿದರು. ಆಮೇಲೆ ಕಾಲು ಮೇಲೆತ್ತಿ, ಗೋಡೆಯ ಕಡೆಗೆ ಮುಖ ಮಾಡಿ, ಹಾಗೇ ಒರಗಿ ಮಲಗಿಬಿಟ್ಟರು. ಕಂಟೋನ್ಮೆಂಟಿನ ಆ ಕ್ವಾರ್ಟರ್ಸಿನಲ್ಲಿ ಬಾಗಿಲ ಚೌಕಟ್ಟಿಗೆ ತಲೆ ತಾಗದಂತೆ ಬಗ್ಗಿ ಬರುತ್ತಿದ್ದ ಎತ್ತರದ ಹೆಂಗಸು ಅವರು. ನನ್ನ ಕಣ್ಣಿನಲ್ಲಿ ಇಷ್ಟು ವರ್ಷವೂ ಅಷ್ಟೇ ಎತ್ತರವಿದ್ದರು. ಯಾರೂ ಮಲಗಲಾರದ ಹಾಗೆ ನಾನೇ ಗೀಟು ಹಾಕಿಸಿದ ಜಾಗದಲ್ಲಿ ವಯಸ್ಸಿಗೆ ಬಾಗಿ ಕುಗ್ಗಿದ ಅವರು ಮಂಡಿ ಮಡಚಿ ಪೂರ್ತಿ ಹಿಡಿಸಿದರು.

ನಾನು ಹೊದಿಸಲು ಶಾಲು ತಂದೆ. ಆಂಟಿ ಮಬ್ಬುಗಣ್ಣಿನಿಂದ ಗೋಡೆಯನ್ನೇ ನೋಡುತ್ತಿದ್ದರು. ಕೈಯಿಂದ ಅದನ್ನೊಮ್ಮೆ ಸವರಿದರು.

"ಸುಣ್ಣ ಚೆಂದ ಬಂದುಂಟು" ಎಂದು ಕಣ್ಣು ಮುಚ್ಚಿದರು.

ಶಾಲನ್ನು ಅವರ ಪಾದದವರೆಗೆ ಎಳೆದು ಹೊದಿಸಿದೆ. ಪಾದದ ಆಚೆ ಇನ್ನೂ ಒಂದು ಗೇಣು ಜಾಗ ಉಳಿದಿತ್ತು.