ಭಂಡಾರ ಹಚ್ಚದ ಮರಿ

ಮೊನ್ನೆ ನನ್ನ ಹೊಲಿಗೆ ಮಿಷನ್ ಹಟ ಹಿಡಿದು ಕೂತಿತು. ಎಣ್ಣೆ ಬಿಡೋಣವೆಂದು ಪುಟ್ಟ ಬಾಟಲಿಯ ಮುಚ್ಚಳ ತೆಗೆದೆ ನೋಡಿ, ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಟೇಲರ್ ಅಕ್ಕ ಪಕ್ಕದಲ್ಲೇ ಬಂದು ಕೂತ ಹಾಗಾಯಿತು. ಪ್ರತಿ ಶನಿವಾರ ಸಂಜೆ ಅವಳ ಮನೆಯಿಂದ ಇದೇ ವಾಸನೆ ಬರುತ್ತಿತ್ತು. ಮಿಷನ್ನಿಗೆ ಎಣ್ಣೆ ಬಿಟ್ಟು, ಒರೆಸಿ, ಹಳೆಯ ದುಪ್ಪಟಿ ಹೊದಿಸಿದಳೆಂದರೆ ಮುಗಿಯಿತು. ಸೋಮವಾರ ಬೆಳಗಾಗುವವರೆಗೆ ಅದನ್ನು ಯಾರೂ ಮುಟ್ಟುವಂತಿರಲಿಲ್ಲ.

ನಾನು ಮಡಕಶಿರಾ ಕಡೆಯ ಹುಡುಗಿ. ರಾಯದುರ್ಗಕ್ಕೆ ಸೊಸೆಯಾಗಿ ಬಂದಾಗ ನಮ್ಮ ಓಣಿಯ ಮನೆಮನೆಯಲ್ಲೂ ಜೀನ್ಸ್ ಪ್ಯಾಂಟ್ ಹೊಲಿಯುತ್ತಿದ್ದರು. ಪಕ್ಕದ ಮನೆಯ ಈ ಟೇಲರ್ ಅಕ್ಕನೇ ನನಗೆ ಜಿಪ್ ಕೂಡಿಸುವುದನ್ನು ಕಲಿಸಿದ್ದು. ನಾನು "ಬತ್ತೀನಕ್ಕ" ಅಂದರೆ ಸಾಕು, "ಬರ್ತೀನಿ ಅನ್ನವ್ವ ತಾಯಿ, ಅರ್ಧ ಮಾತು ನಿಮ್ಮೂರಾಗ ಬಿಟ್ಟು ಬಂದೀಯೇನು?" ಎಂದು ನಗುತ್ತಿದ್ದಳು. ನಾವು ಲಿಂಗ ಕಟ್ಟಿದ ಅಂಗಡಿಯವರು, ಅವಳು ಚರ್ಚಿಗೆ ಹೋಗುವವಳು. ಅದು ನಮ್ಮಿಬ್ಬರ ನಡುವೆ ಎಂದೂ ಅಡ್ಡ ಬರಲಿಲ್ಲ.

ಭಾನುವಾರ ಮಧ್ಯಾಹ್ನ ಓಣಿಯ ಮಕ್ಕಳನ್ನು ಕೂಡಿಸಿಕೊಂಡು ಹತ್ತು ಆಜ್ಞೆ ಹೇಳಿಕೊಡುತ್ತಿದ್ದಳು. ಒಂದೊಂದು ಆಜ್ಞೆಗೆ ಒಂದೊಂದು ಬೆರಳು ಮಡಿಸಬೇಕು. ಮೊದಲು ತೆಲುಗಿನಲ್ಲಿ, ಆಮೇಲೆ ಕನ್ನಡದಲ್ಲಿ ಅರ್ಥ. ಗೋಡೆಯ ಈಚೆ ಅಕ್ಕಿ ಆರಿಸುತ್ತಾ ನಾನೂ ಕೇಳುತ್ತಿದ್ದೆ. ಬೇರೆ ದೇವರಿಲ್ಲ ಎನ್ನುವ ಮೊದಲನೆಯದನ್ನು ಅಕ್ಕ ಗಟ್ಟಿಯಾಗಿ, ಎದೆಯುಬ್ಬಿಸಿ ಹೇಳುತ್ತಿದ್ದಳು. ಅಪ್ಪ ಅವ್ವನಿಗೆ ಮರ್ಯಾದೆ ಕೊಡಬೇಕು ಎನ್ನುವ ಐದನೆಯದು ಬಂದಾಗ ಮಾತ್ರ ಅವಸರ ಮಾಡಿ ದಾಟಿಬಿಡುತ್ತಿದ್ದಳು. ಯಾಕೆಂದು ಒಂದು ದಿನ ಕೇಳಿದೆ. ನನ್ನ ಬಾಯಿ ಸುಮ್ಮನಿರಬೇಕಲ್ಲ!

ಅವಳ ತವರು ಗುಮ್ಮಘಟ್ಟದ ಹತ್ತಿರದ ಹಳ್ಳಿ. ಕುರಿ ಸಾಕುವ ಮನೆ. ಮದುವೆಯಾದ ಮೇಲೆ ಅಕ್ಕನಿಗೆ ಎರಡು ಕೂಸು ಹುಟ್ಟಿ ಹುಟ್ಟಿ ಹೋದವಂತೆ. ಮೂರನೆಯದು ಹೊಟ್ಟೆಯಲ್ಲಿದ್ದಾಗ ಯಾರೋ ಪ್ರಾರ್ಥನೆ ಮಾಡಿದರು. ಅದು ಉಳಿಯಿತು. ಗಂಡ ಹೆಂಡತಿ ಇಬ್ಬರೂ ಬಾಪ್ತಿಸ್ಮ ತೆಗೆದುಕೊಂಡರು. ಮೊಮ್ಮಗನನ್ನು ನೋಡಲು ಅಪ್ಪ ಬಂದ. ತನ್ನ ಹಿಂಡಿನ ಉಣ್ಣೆಯಲ್ಲೇ ನೇಯಿಸಿದ ಪುಟ್ಟ ಕಂಬಳಿ ಹೆಗಲ ಮೇಲಿತ್ತು. ಮನೆದೇವರ ಮುಂದಿಟ್ಟು, ಅರಿಶಿನದ ಭಂಡಾರ ಹಚ್ಚಿ ತಂದಿದ್ದ. ಆ ಹಳದಿ ಕಂಡದ್ದೇ ಅಕ್ಕ ಹೊಸ್ತಿಲಲ್ಲಿ ಕೈ ಅಡ್ಡ ಹಿಡಿದಳು.

"ಅಪ್ಪಾ, ಅದನ್ನ ಒಳಗ ತರಬ್ಯಾಡ. ನಮಗ ಆಗಂಗಿಲ್ಲ."

ಮುದುಕ ಕಂಬಳಿಯನ್ನು ಮಡಚಿ ಮತ್ತೆ ಹೆಗಲ ಮೇಲೆ ಹಾಕಿಕೊಂಡು, ನೀರನ್ನೂ ಕುಡಿಯದೆ, ಬಂದ ದಾರಿ ಹಿಡಿದ. ಮತ್ತೆ ಆ ಮನೆಗೆ ಬರಲಿಲ್ಲ. ಆದರೆ ಮನೆದೇವರ ಹಬ್ಬ ಬಂದಾಗಲೆಲ್ಲ ಮಗನನ್ನು ಕಳಿಸುತ್ತಿದ್ದ. ಆ ತಮ್ಮನನ್ನು ನಾನೂ ನೋಡಿದ್ದೇನೆ. ಮಾತು ಅಂದರೆ ಹೆದರುವ ಗಂಡಸು. ಬಾಗಿಲಲ್ಲಿ ನಿಂತು, "ಅಪ್ಪ ಕರ್ದಾನಕ್ಕ, ಊಟಕ್ಕ..." ಅನ್ನುವಷ್ಟರಲ್ಲಿ ಇವಳು, "ದೇವ್ರಿಗೆ ಎಡಿ ಹಿಡಿದದ್ದು ನಾವು ಉಣ್ಣಂಗಿಲ್ಲಪ್ಪ, ನಿಮಗ ಗೊತ್ತೈತಲ್ಲ" ಅಂದುಬಿಡುತ್ತಿದ್ದಳು. ಅವನು ತಲೆಯಾಡಿಸಿ ಹೋಗುತ್ತಿದ್ದ.

ನನಗೋ ಮೈಯೆಲ್ಲ ಉರಿಯುತ್ತಿತ್ತು. "ಅಲ್ಲ ಕಣಕ್ಕ, ಉಣ್ಣದಿದ್ರೆ ಬ್ಯಾಡ. ಹೋಗಿ ಮಕ ತೋರ್ಸಿ ಬರಾಕೇನು ನಿಂಗೆ? ಅದುಕ್ಕೂ ಬ್ಯಾಡ ಅಂತಾನಾ ನಿನ್ ದೇವ್ರು?" ಎಂದು ಜಗಳಕ್ಕೇ ನಿಂತಿದ್ದೆ. "ಹೋದ್ರ ಉಣ್ಣು ಅಂತಾರ. ಉಣಲಿಲ್ಲಂದ್ರ ಮತ್ತ ಅಪ್ಪನ ಮನಸ್ಸು ಮುರೀತೈತಿ. ಹೋಗದಿರಾದಽ ಚಲೋ" ಅಂದಳು. ಆ ಮಾತಿನಲ್ಲಿ ಮೊಂಡುತನಕ್ಕಿಂತ ಹೆದರಿಕೆಯೇ ಹೆಚ್ಚಾಗಿತ್ತು ಎಂದು ಈಗ ಅನಿಸುತ್ತದೆ...

ಒಂದು ಬೆಳಿಗ್ಗೆ ಫೋನ್ ಬಂತು. ಅಕ್ಕನ ಅಪ್ಪ ಹೋದ. ನಾವಿಬ್ಬರೂ ಷೇರ್ ಆಟೋ ಹತ್ತಿ ಗುಮ್ಮಘಟ್ಟದ ದಾರಿ ಹಿಡಿದೆವು. ದಾರಿಯುದ್ದಕ್ಕೂ ಅಕ್ಕ ಅಳಲಿಲ್ಲ. ನನ್ನ ಕೈಯನ್ನು ಮಾತ್ರ ನೋಯುವಷ್ಟು ಗಟ್ಟಿಯಾಗಿ ಹಿಡಿದಿದ್ದಳು.

ಅಂಗಳದಲ್ಲಿ ಹೆಣವನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಬಂಧುಗಳು ಒಬ್ಬೊಬ್ಬರಾಗಿ ಭಂಡಾರ ಹಚ್ಚುತ್ತಿದ್ದರು. ಅಕ್ಕ ಮುಂದೆ ಬಂದಾಗ ತಟ್ಟೆ ಹಿಡಿದ ಹುಡುಗಿಯನ್ನು ಅಕ್ಕನ ಚಿಕ್ಕಪ್ಪ ತಡೆದ. "ಆಕಿಗೆ ಕೊಡಬ್ಯಾಡವ್ವ. ನಾ ಸತ್ತಾಗ ನನ್ನ ಮಗಳಿಗೆ ಯಾರೂ ಒತ್ತಾಯ ಮಾಡಬ್ಯಾಡ್ರಿ ಅಂತ ನಮ್ಮಣ್ಣ ಹೇಳ್ಯಾನ." ಅದರಲ್ಲಿ ವ್ಯಂಗ್ಯವಿರಲಿಲ್ಲ. ವ್ಯಂಗ್ಯವಿದ್ದಿದ್ದರೆ ಅಕ್ಕ ಹೇಗೋ ತಡೆದುಕೊಳ್ಳುತ್ತಿದ್ದಳೇನೋ.

ಮಣ್ಣು ಮಾಡಿ ಬಂದ ಮೇಲೆ ತಮ್ಮನ ಹೆಂಡತಿ ನಮ್ಮನ್ನು ಹಿತ್ತಲಿನ ಕುರಿ ಹಟ್ಟಿಗೆ ಕರೆದೊಯ್ದಳು. ಹಬ್ಬ ಹಿಂದಿನ ವಾರವಷ್ಟೇ ಆಗಿತ್ತು. ಹಿಂಡಿನ ಕುರಿಗಳ ಹಣೆಯಲ್ಲೆಲ್ಲ ಭಂಡಾರದ ಗುರುತು. ಮೂಲೆಯಲ್ಲಿ ಒಂದು ಮರಿಯ ಹಣೆ ಮಾತ್ರ ಬರಿದಾಗಿತ್ತು.

"ಅದು ನಿಮ್ಮದು ನೋಡ್ರಿ" ಅಂದಳು. "ವರ್ಷಾ ಒಂದು ಮರಿ ತಗದಿಡ್ತಿದ್ದ ಮಾವ. ಭಂಡಾರ ಹಚ್ಚಗೊಡ್ತಿರ್ಲಿಲ್ಲ. ದ್ಯಾವ್ರ ಮುಂದ ಒಯ್ಯಗೊಡ್ತಿರ್ಲಿಲ್ಲ. ನನ್ನ ಮಗಳು ಬಂದ್ರ ಇದನ್ನ ಕೊಯ್ದು ಬ್ಯಾರೆ ಒಲಿ ಮ್ಯಾಲ ಅಡಗಿ ಮಾಡ್ರಿ, ಆಕಿ ದೇವ್ರಿಗೂ ಸಿಟ್ಟು ಬರಬಾರದು ಅಂತಿದ್ದ. ಹಬ್ಬದ ರಾತ್ರಿ ಆಟೋ ಬರೋದು ನಿಂತ ಮ್ಯಾಲ ಮರೀನ ಬಿಚ್ಚಿ ಹಿಂಡಿಗೆ ಬಿಡ್ತಿದ್ದ."

"ತಮ್ಮ ಒಂದಿನಾನೂ ಹೇಳಲಿಲ್ಲಲ್ಲವ್ವ..." ಎಂದಳು ಅಕ್ಕ.

"ನೀವು ಹೇಳಗೊಡ್ತಿದ್ರಾ?"

ಆಗ ಅತ್ತಳು ನೋಡಿ ಅಕ್ಕ. ಅಯ್ಯೋ, ಆ ಅಳು ಯಾರಿಗೂ ಬೇಡ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡಗೊಡದ ಮಾತಿಗೆ ಏನನ್ನಬೇಕೋ ನನಗೆ ಗೊತ್ತಿಲ್ಲ.

ಅವಳು ಚರ್ಚು ಬಿಡಲಿಲ್ಲ. ನಂಬಿಕೆಯೂ ಕುಂದಲಿಲ್ಲ. ಆದರೆ ಮಕ್ಕಳಿಗೆ ಆಜ್ಞೆ ಹೇಳಿಕೊಡುವಾಗ ಐದನೆಯ ಬೆರಳಿನಲ್ಲಿ ನಿಂತುಬಿಡುತ್ತಿದ್ದಳು. "ಇವತ್ತು ನಿಮ್ಮಪ್ಪನ ಕೂಡ ಏನು ಮಾತಾಡಿದ್ರಿ, ಹೇಳ್ರಿ" ಎಂದು ಒಬ್ಬೊಬ್ಬರನ್ನೂ ಕೇಳುತ್ತಿದ್ದಳು. ಪಾಠ ಮುಂದೆ ಹೋಗುತ್ತಲೇ ಇರಲಿಲ್ಲ. ನನ್ನೊಡನೆ ಒಮ್ಮೆ ಅಂದಿದ್ದಳು, "ಮೊದಲ್ನೇ ಆಜ್ಞೆ ನಾನು ಪಾಲಿಸ್ತೀನಿ ಅಂದ್ಕೊಂಡಿದ್ದೆ. ಅದನ್ನ ಓದದ ನಮ್ಮಪ್ಪ ನನಗೋಸ್ಕರ ಪಾಲಿಸಿಬಿಟ್ಟ. ನಾನು ಅವನಿಗೋಸ್ಕರ ಒಂದನ್ನೂ ಪಾಲಿಸಲಿಲ್ಲ."

ಕೊನೆಗಾಲದಲ್ಲಿ ಅಕ್ಕ ಹಾಸಿಗೆ ಹಿಡಿದಿದ್ದಾಗ ನೋಡಲು ಹೋಗಿದ್ದೆ. ತಡೆಯಲಾಗದೆ ಕೇಳಿಬಿಟ್ಟೆ: "ಅಂಗಾರೆ ಆವತ್ತು ಕಂಬ್ಳಿ ಈಸ್ಕೋಬೇಕಿತ್ತೇನಕ್ಕ?"

"ಈಗೂ ಗೊತ್ತಿಲ್ಲವ್ವ. ಬ್ಯಾಡ ಅಂದದ್ದು ಖರೇನ ಇರಬೌದು. ಆದ್ರ ಕುಂದ್ರಪ್ಪಾ, ನೀರು ಕುಡಿ ಅನ್ನಬೇಕಿತ್ತು. ಅದನ್ನ ಯಾ ಆಜ್ಞೇನೂ ಬ್ಯಾಡ ಅಂದಿರ್ಲಿಲ್ಲ..."

ಪಕ್ಕದ ಮನೆಯಲ್ಲಿ ಈಗ ಬೇರೆ ಬಾಡಿಗೆಯವರಿದ್ದಾರೆ. ಭಾನುವಾರವೂ ಅಲ್ಲಿ ಮಿಷನ್ ಓಡುತ್ತದೆ. ಅಕ್ಕನ ಕೊನೆಯ ಆ ಮಾತನ್ನು ಕೇಳಬೇಕಾಗಿದ್ದ ಮನುಷ್ಯ ಎಂದೋ ಮಣ್ಣಾಗಿದ್ದ. ಕೇಳಿಸಿಕೊಂಡವಳು ಪಕ್ಕದ ಮನೆಯ ನಾನು.